ಒತ್ತಿದ್ದು ಮಾಗೋಡಿನಲ್ಲಿ, ತೆರೆದದ್ದು ತಲೆಬಾಗಿಲಲ್ಲಿ

ಘಟ್ಟದ ಮೇಲಿನವರಿಗೆ ಇನ್ನೊಬ್ಬರ ಕಾಗುಣಿತ ತಪ್ಪಿದ್ದು ಕಂಡರೆ ಊಟ ಸೇರುವುದಿಲ್ಲ. ಮದುವೆಯ ಕರೆಯೋಲೆಯನ್ನೂ ಪೆನ್ನು ಹಿಡಿದೇ ಓದುವ ಜನ ನಾವು. ಇಂಥವರ ಕೈಗೆ 2003ರಲ್ಲಿ ಕನ್ನಡ ವಿಕಿಪೀಡಿಯ ಬಂತು. ಯಾರು ಬರೆದದ್ದನ್ನೂ ಯಾರು ಬೇಕಾದರೂ ತಿದ್ದಬಹುದು, ಕೇಳುವವರಿಲ್ಲ! ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಇದಕ್ಕಿಂತ ದೊಡ್ಡ ಬಯಲಾಟ ಇನ್ನೇನು ಬೇಕು?

ಆಟದ ಮಧ್ಯೆ ಕಾಲಿಗೆ ತೊಡರುವುದು ಮಾತ್ರ ಕರ್ಸರ್ ಎಂಬ ಕಡ್ಡಿ. ವಿಕಿಯಲ್ಲಿ ಖಾತೆ ಇದ್ದವರಿಗೆ ಪ್ರಾಶಸ್ತ್ಯಗಳ ಪುಟದಲ್ಲಿ ಒಂದು ಚೌಕ ಸಿಗುತ್ತದೆ. ಅದಕ್ಕೆ ಗುರುತು ಹಾಕಿದರೆ, ಪುಟದ ಮೇಲೆ ಎಲ್ಲಿ ಎರಡು ಸಲ ಕುಟ್ಟಿದರೂ ಸಂಪಾದನೆಯ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಸೋಮಾರಿಗೆ ಸ್ವರ್ಗ ಅಂದುಕೊಂಡು ನಮ್ಮ ಮಾವ ಗುರುತು ಹಾಕಿಯೇ ಬಿಟ್ಟರು. ಪುಟದ ಬುಡದಲ್ಲೆಲ್ಲೋ ಮಾಗೋಡು ಜಲಪಾತದ ಸಾಲು. ಅಲ್ಲೊಂದು ಕೊಂಬು ಬಿಟ್ಟುಹೋಗಿದೆ. ಅದರ ಮೇಲೇ ಟಕ್‌ಟಕ್ ಎಂದರು. ಪೆಟ್ಟಿಗೆ ತೆರೆಯಿತು. ಮಾಗೋಡೂ ಇಲ್ಲ, ಬೇಡ್ತಿ ಹೊಳೆಯೂ ಇಲ್ಲ. ಕಂಡದ್ದು ಪುಟದ ನೆತ್ತಿ: ಬಾಗಿದ ಆವರಣಗಳು, ಗೂಟದ ಹಾಗೆ ನಿಂತ ಗೆರೆಗಳು, ಅಕ್ಷಾಂಶ, ರೇಖಾಂಶ, ಪಿನ್‌ಕೋಡು.

"ಕರ್ಸರ್ ಎಲ್ಲಿ ಹೋತು?"

"ಮೇಲೆ ಹೋತು ಮಾವ."

"ನಾ ಒತ್ತಿದ್ದು ಕೆಳಗಲ್ದನಾ?"

ಮಾವನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡು ಕುಟ್ಟಿಗೆ ಆಗುವ ಕೆಲಸ ಇಷ್ಟೇ: ಬ್ರೌಸರು 'ಸಂಪಾದಿಸಿ' ಎಂಬ ಕೊಂಡಿಯನ್ನು ನಿಮ್ಮ ಪರವಾಗಿ ಒತ್ತುತ್ತದೆ. ಹೊಸ ಪುಟ, ಹೊಸ ಪೆಟ್ಟಿಗೆ. ನೀವು ಎಲ್ಲಿ ಕುಟ್ಟಿದಿರಿ ಎಂಬ ಸುದ್ದಿ ಅದರ ಜೊತೆ ಬರುವುದಿಲ್ಲ. ಬಂದರೂ ಲೆಕ್ಕ ಹೊಂದುವುದು ಕಷ್ಟ. ಪರದೆಯ ಮೇಲೆ ನೆಟ್ಟಗೆ ಕೂತ ಚೌಕಟ್ಟು ಒಳಗಡೆ ಹತ್ತಾರು ಸಾಲಿನ ಟೆಂಪ್ಲೇಟು. ಹೊರಗೆ ಪುಟಾಣಿ ಅಂಕಿಯಾಗಿ ಕಾಣುವ ಉಲ್ಲೇಖ, ಒಳಗೆ ಮೊಳದುದ್ದದ ವಿಳಾಸ. ಕಣ್ಣಿಗೆ ಕಂಡ ಹತ್ತನೇ ಸಾಲು ಪೆಟ್ಟಿಗೆಯಲ್ಲಿ ಎಷ್ಟನೆಯದು ಎಂದು ಕರ್ಸರಿಗೆ ಹೇಳುವವರು ಯಾರು? ನಮ್ಮ ಕೊನೆಗೌಡನನ್ನು ನೋಡಿ. ಒಂದು ಅಡಿಕೆ ಮರದ ಕೊನೆ ಇಳಿಸಿ, ಅಲ್ಲಿಂದಲೇ ಪಕ್ಕದ ಮರವನ್ನು ಸೆಳೆದು ದಾಟಿಕೊಳ್ಳುತ್ತಾನೆ. ವಿಕಿಯ ಕರ್ಸರಿಗೆ ಆ ಕಸುಬು ಗೊತ್ತಿಲ್ಲ. ಪ್ರತಿ ಸಲ ಬುಡಕ್ಕಿಳಿದು, ಮೊದಲ ಮರದಿಂದಲೇ ಹತ್ತಬೇಕು.

ಇದರ ಮೇಲೊಂದು ಉಪದ್ವ್ಯಾಪವಿದೆ. ಲೋಕದಲ್ಲೆಲ್ಲ ಎರಡು ಸಲ ಕುಟ್ಟಿದರೆ ಪದವೊಂದು ಆಯ್ಕೆಯಾಗುತ್ತದೆ. ಚೌಕಕ್ಕೆ ಗುರುತು ಹಾಕಿದವರು ಸಹಸ್ರಲಿಂಗದ ಸಾಲಿನಿಂದ 'ಶಾಲ್ಮಲಾ' ಎಂಬ ಒಂದೇ ಪದವನ್ನು ನಕಲು ಮಾಡಲು ಹೋದರೂ ಪೆಟ್ಟಿಗೆ ಬಾಯಿ ತೆರೆದು ನಿಲ್ಲುತ್ತದೆ.

ನೆತ್ತಿಯ ಮೇಲೆ ಬಂದಿಳಿದವನು ಸುಮ್ಮನೆ ಕೆಳಗಿಳಿಯುತ್ತಾನೆಯೇ? ನಮ್ಮ ಕಡೆಯವನಾದರೆ ಖಂಡಿತ ಇಲ್ಲ. ಬಂದದ್ದೇ ಬಂದೆ ಎಂದು ಮೊದಲ ಸಾಲನ್ನೇ ತಿದ್ದಲು ಕೂರುತ್ತಾನೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಎಂದು ಒಬ್ಬ ಸೇರಿಸುತ್ತಾನೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದ್ದನ್ನು ಇನ್ನೊಬ್ಬ ತುರುಕುತ್ತಾನೆ. ಬನವಾಸಿಗೆ ಇನ್ನೆರಡು ವಿಶೇಷಣ ಬೀಳುತ್ತವೆ. ನಮ್ಮೂರಿನ ಲೇಖನಗಳಿಗೆ ತಲೆ ದಪ್ಪ, ಕಾಲು ಸಣಕಲು ಆಗಿದ್ದರೆ ಅದಕ್ಕೆ ಇದೇ ಕಾರಣ ಎಂಬುದು ನನ್ನ ಗುಮಾನಿ. ಬುಡದಲ್ಲಿರುವ ಸಾತೊಡ್ಡಿ, ಉಂಚಳ್ಳಿಗಳು ಯಾರೂ ಬಾರದೆ ತಮ್ಮಷ್ಟಕ್ಕೆ ಧುಮ್ಮಿಕ್ಕುತ್ತಿರುತ್ತವೆ.

ಹಾಗೂ ಹೀಗೂ ಬೇಕಾದ ಪದದ ಹತ್ತಿರ ತಲುಪಿದಿರಿ ಎನ್ನಿ. ಕನ್ನಡದ ಅಸಲಿ ಕುಸ್ತಿ ಶುರುವಾಗುವುದೇ ಅಲ್ಲಿ. ಸಿದ್ದಾಪುರದ ದಕಾರದ ಒತ್ತು ಅಲ್ಪಪ್ರಾಣವೋ ಮಹಾಪ್ರಾಣವೋ ಎಂದು ಜಗಳ ತೆಗೆಯುವವರಿಗೇನು ಬರವೇ? ಅವರಲ್ಲೊಬ್ಬರು ಒತ್ತನ್ನು ಬದಲಿಸಲು ಕೂತರು. ಮೇಲಿನ ದಕಾರಕ್ಕೂ ಕೆಳಗಿನ ದಕಾರಕ್ಕೂ ನಡುವೆ ಕರ್ಸರ್ ನಿಲ್ಲಲು ಕಣ್ಣಿಗೆ ಕಾಣುವ ಜಾಗವಿಲ್ಲ. ಸರಿ, 'ದ್ದಾ' ಮುಗಿದಲ್ಲಿ ನಿಲ್ಲಿಸಿ ಬ್ಯಾಕ್‌ಸ್ಪೇಸ್ ಒತ್ತಿದರು. ದೀರ್ಘ ಮಾತ್ರ ಹೋಯಿತು: 'ಸಿದ್ದಪುರ'. ಇನ್ನೊಮ್ಮೆ ಒತ್ತಿದರು. ಒತ್ತು ಹೋಯಿತು, ಆದರೆ ಅದರ ಕೊಂಡಿಯಾಗಿದ್ದ ಹಲಂತ ಉಳಿಯಿತು. ಅದು ಸುಮ್ಮನಿರುವ ಪೈಕಿಯಲ್ಲ. ಪಕ್ಕದ ಪಕಾರವನ್ನೇ ಹಿಡಿದು ಕೆಳಕ್ಕೆಳೆಯಿತು: 'ಸಿದ್ಪುರ'! ತಾಲ್ಲೂಕು ಕೇಂದ್ರವೊಂದು ಕಣ್ಣೆದುರೇ ಕುಸಿದದ್ದು ಕಂಡು ಅವರು ಕಂಪ್ಯೂಟರನ್ನೇ ಆರಿಸಿ ಎದ್ದರು. ಇನ್ನೊಂದು ಅಕ್ಷರ ಬೆರಳಚ್ಚಿಸಿದ್ದರೆ ಪಕಾರ ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಯಲ್ಲಾಪುರದ 'ಲ್ಲಾ' ಮಾಡುವ ಚೇಷ್ಟೆಯೂ ಇದೇ.

ಶಿರಸಿಯವರ ಪಾಡು ಇನ್ನೂ ಸೊಗಸು. ಬಾಯಲ್ಲಿ 'ಸಿರ್ಸಿ', ಬೋರ್ಡಿನಲ್ಲಿ 'ಶಿರಸಿ'. ಒಂದನ್ನು ಇನ್ನೊಂದು ಮಾಡಲು ಹೊರಟವನಿಗೆ ಅರ್ಕಾವತ್ತು ಕಾಣುವುದು ಕೊನೆಯಲ್ಲಿ. ಯುನಿಕೋಡ್ ಲೆಕ್ಕದಲ್ಲಿ ಅದು ಕೂತಿರುವುದು ನಟ್ಟನಡುವೆ, ಸಕಾರಕ್ಕಿಂತ ಮೊದಲು. ಕೊನೆಯಲ್ಲಿ ನಿಂತು ಅಳಿಸಿದರೆ ಮೊದಲು ಗುಡಿಸು ಹೋಗುತ್ತದೆ, ಆಮೇಲೆ ಸಕಾರ. ಅರ್ಕಾವತ್ತು ಮಾತ್ರ ಸಾಯುವುದಿಲ್ಲ. 'ರ್' ಎಂಬ ವೇಷದಲ್ಲಿ ಹಿಂದಕ್ಕೆ ಹಾರಿ ನಿಲ್ಲುತ್ತದೆ. ಯುನಿಕೋಡಿಗಿಂತ ಮುಂಚಿನ ನುಡಿ, ಬರಹದ ಕಡತಗಳಲ್ಲಿ ಈ ಕಾಟವಿರಲಿಲ್ಲ. ಅಲ್ಲಿ ಅರ್ಕಾವತ್ತು ಕಂಡಲ್ಲೇ ಇರುತ್ತಿತ್ತು. ಆದರೆ ಆ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಊರಿಗೆ ಊರೇ ಭೂತ ಬಡಿದಂತೆ ಕಾಣುತ್ತಿತ್ತಲ್ಲ, ಅದನ್ನು ಮರೆತು ಹಳೆಯದನ್ನು ಹೊಗಳುವುದು ಬೇಡ.

2013ರ ಸುಮಾರಿಗೆ ಬಂದ ವಿಷುಯಲ್ ಎಡಿಟರ್‌ನಲ್ಲಿ ಆವರಣಗಳ ಕಾಡು ಕಾಣುವುದಿಲ್ಲ, ಪುಟ ಹೆಚ್ಚುಕಡಿಮೆ ಇದ್ದ ಹಾಗೇ ತಿದ್ದಲು ಸಿಗುತ್ತದೆ. ಒತ್ತಕ್ಷರದ ಹಟಮಾರಿತನ ಮಾತ್ರ ಅಲ್ಲೂ ಅದೇ. ಅದಕ್ಕಿಂತ ಸುಲಭದ ದಾರಿ ಪ್ರತಿ ಉಪಶೀರ್ಷಿಕೆಯ ಪಕ್ಕದಲ್ಲಿರುವ 'ಸಂಪಾದಿಸಿ'. ಅದನ್ನು ಒತ್ತಿದರೆ ಆ ವಿಭಾಗವಷ್ಟೇ ತೆರೆಯುತ್ತದೆ, ಅಲೆದಾಟ ಕಡಿಮೆ. ಮಾವನಿಗೆ ಇದನ್ನು ಹೇಳಿದೆ. "ಅಡ್ಡಿಲ್ಲೆ" ಅಂದರು. ನಮ್ಮ ಕಡೆ ಹಾಗೆಂದರೆ ಒಪ್ಪಿಗೆ ಎಂದು ನಿಘಂಟಿನಲ್ಲಿ ಮಾತ್ರ ಅರ್ಥ. ಮರುದಿನವೂ ಟಕ್‌ಟಕ್ ಸದ್ದು ಕೇಳುತ್ತಲೇ ಇತ್ತು.

ಈಗ ಅವರ ಗಮನ ಯಾಣದ ಮೇಲೆ. ಯಾಣ ಕುಮಟಾ ತಾಲ್ಲೂಕಿನದು. ಆದರೂ ಹೋಗುವ ದಾರಿ ಶಿರಸಿಯಿಂದಲೂ ಇರುವ ಕಾರಣ, ನಮ್ಮವರು ಅದನ್ನು ತಮ್ಮ ಪುಟಕ್ಕೆ ಹೊತ್ತು ತರಲು ನೋಡುತ್ತಲೇ ಇರುತ್ತಾರೆ. ಮಾವ ನೆತ್ತಿಯಿಂದ ಇಳಿದಿಳಿದು ಆ ಸಾಲನ್ನು ಮುಟ್ಟಿ, ತಿದ್ದಿ, ಪ್ರಕಟಿಸಿ ಎಂದು ಒತ್ತುವಷ್ಟರಲ್ಲಿ ಘಟ್ಟದ ಕೆಳಗಿನ ಯಾರೋ ಅದೇ ಸಾಲನ್ನು ಬದಲಿಸಿಯಾಗಿತ್ತು. 'ಸಂಪಾದನೆ ಸಂಘರ್ಷ' ಎಂದು ಪರದೆ ಸಾರಿತು. ಇತ್ಯರ್ಥಕ್ಕೆ ಚರ್ಚೆ ಪುಟವಿದೆ ಎಂದೆ. ಮಾವ ಕವಳದ ಸಂಚಿ ಬಿಚ್ಚಿ, ಕುರ್ಚಿ ಹತ್ತಿರಕ್ಕೆಳೆದುಕೊಂಡರು.