ಇಳಿಯುವುದಕ್ಕೆಂದೇ ಹತ್ತುವವರು

1792ರಲ್ಲಿ ಜೋಸೆಫ್ ಬೇಕರ್ ಎಂಬ ಬ್ರಿಟಿಷ್ ಲೆಫ್ಟಿನೆಂಟ್ ಹಡಗಿನ ಮೇಲೆ ನಿಂತು ದೂರದಲ್ಲೊಂದು ಬೆಳ್ಳನೆಯ ಶಿಖರ ಕಂಡ. ಅವನ ಕಪ್ತಾನ ಜಾರ್ಜ್ ವ್ಯಾಂಕೂವರ್ ಅದಕ್ಕೆ ಮೌಂಟ್ ಬೇಕರ್ ಎಂದು ಹೆಸರಿಟ್ಟುಬಿಟ್ಟ. ಅಲ್ಲಿನ ಮೂಲನಿವಾಸಿಗಳು ಆ ಬೆಟ್ಟಕ್ಕೆ ಮೊದಲೇ ಇಟ್ಟುಕೊಂಡಿದ್ದ ಹೆಸರನ್ನು ಯಾರೂ ವಿಚಾರಿಸಲಿಲ್ಲ. ಅದಿರಲಿ. ಒಂದು ಹೆಜ್ಜೆ ಹತ್ತದೆ, ಒಂದು ಹನಿ ಬೆವರು ಸುರಿಸದೆ ಇಡೀ ಬೆಟ್ಟವನ್ನೇ ತನ್ನ ಹೆಸರಿಗೆ ಮಾಡಿಸಿಕೊಂಡ ಬೇಕರನಷ್ಟು ಜಾಣ ಪರ್ವತಪ್ರೇಮಿ ಇನ್ನೊಬ್ಬನಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಜ್ಞಾನೋದಯವಾದದ್ದು ಅದೇ ಬೆಟ್ಟದ ಮೇಲೆ, ಬೆಳಗಿನ ಜಾವ, ಹಣೆಗೆ ದೀಪ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದಾಗ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾ ಗಡಿಯ ಹತ್ತಿರ ಇರುವ ಈ ಬೆಟ್ಟದ ಎತ್ತರ 3,286 ಮೀಟರ್. ಒಳಗೆ ಕುದಿಯುವ ಜ್ವಾಲಾಮುಖಿ, ಹೊರಗೆ ಹಿಮನದಿಗಳ ಹೊದಿಕೆ. ಇದು ಸೇರಿರುವ ಕ್ಯಾಸ್ಕೇಡ್ ಪರ್ವತಸಾಲಿನಲ್ಲಿ ಮೌಂಟ್ ರೇನಿಯರ್ ಒಂದನ್ನು ಬಿಟ್ಟು ಉಳಿದೆಲ್ಲ ಜ್ವಾಲಾಮುಖಿಗಳ ಹಿಮವನ್ನು ಗುಡ್ಡೆ ಹಾಕಿದರೂ ಇದರ ಮೈಮೇಲಿರುವಷ್ಟಾಗದು. ಮೌಂಟ್ ಬೇಕರ್ ಸ್ಕೀ ತಾಣದಲ್ಲಿ 1998-99ರ ಹಂಗಾಮಿನಲ್ಲಿ 1,140 ಇಂಚು, ಅಂದರೆ ಸುಮಾರು 29 ಮೀಟರ್ ಹಿಮ ಬಿದ್ದು ವಿಶ್ವದಾಖಲೆಯಾಯಿತು. ಆದರೆ ಆ ತಾಣ ಇರುವುದು ಬೇಕರ್ ಮೇಲಲ್ಲ, ಪಕ್ಕದ ಶುಕ್ಸನ್ ಬೆಟ್ಟದ ಮಗ್ಗುಲಲ್ಲಿ! ಹೆಸರಿನ ವಿಷಯದಲ್ಲಿ ಈ ಬೆಟ್ಟದ ವ್ಯವಹಾರ ಯಾವತ್ತೂ ಅಷ್ಟಕ್ಕಷ್ಟೇ.

ಆ ತಾಣದಲ್ಲಿ ಲಿಫ್ಟ್ ಇದೆ. ಕುರ್ಚಿಯಲ್ಲಿ ಕಾಲಾಡಿಸುತ್ತಾ ಮೇಲೆ ಹೋಗಿ, ಕೆಳಗೆ ಜಾರಿ, ಮತ್ತೆ ಕುರ್ಚಿಯಲ್ಲಿ ಕೂರಬಹುದು. ನಿಜವಾದ ಬೇಕರ್ ಮೇಲೆ ಲಿಫ್ಟ್ ಇಲ್ಲ. ನಮ್ಮ ಕಾಲೇ ಲಿಫ್ಟು. ಇದನ್ನು ಊರಲ್ಲಿರುವ ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ.

"ಎಷ್ಟು ಹೊತ್ತು ಹತ್ತೋದು?"

"ಏಳೆಂಟು ಗಂಟೆ ಅಮ್ಮ."

"ಜಾರೋದು?"

"ಒಂದು ಗಂಟೆ ಆಗ್ಬಹುದು."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಅದಕ್ಕೇನಾದ್ರೂ ದುಡ್ಡು ಕೊಡ್ತಾರೇನೋ?" ಎಂದರು. ಕೊಡುವವರು ನಾವೇ ಎಂದು ಹೇಳುವ ಧೈರ್ಯ ಬರಲಿಲ್ಲ.

ಸ್ಕೀ ಇರುವುದೇ ಜಾರುವುದಕ್ಕೆ. ಅದನ್ನು ತೊಟ್ಟು ಮೇಲೆ ಹತ್ತುವುದು ಹೇಗೆ ಎಂಬುದು ಅಮ್ಮನ ಮುಂದಿನ ಪ್ರಶ್ನೆ. ಸ್ಕೀ ಅಡಿಗೆ ಸ್ಕಿನ್ ಎಂಬ ಉದ್ದನೆಯ ಪಟ್ಟಿ ಅಂಟಿಸುತ್ತಾರೆ. ಅದರ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ: ಮುಂದಕ್ಕೆ ತಳ್ಳಿದರೆ ನುಣ್ಣಗೆ ಸರಿಯುತ್ತದೆ, ಹಿಂದಕ್ಕೆ ಜಾರಲು ಹೋದರೆ ಎದ್ದು ನಿಂತು ಹಿಮವನ್ನು ಕಚ್ಚುತ್ತದೆ. ಹಿಂದೆಲ್ಲ ಸೀಲ್ ಎಂಬ ಕಡಲಪ್ರಾಣಿಯ ಚರ್ಮದ್ದಿರುತ್ತಿತ್ತು, ಈಗ ನೈಲಾನು ಇಲ್ಲವೇ ಅಂಗೋರಾ ಮೇಕೆಯ ಕೂದಲು.

"ಮೇಕೇನ ಸಾಯಿಸ್ತಾರಾ?"

"ಇಲ್ಲಮ್ಮ, ಕೂದಲು ಕತ್ತರಿಸ್ಕೋತಾರೆ ಅಷ್ಟೆ."

"ಹಾಗಾದ್ರೆ ಅಡ್ಡಿಯಿಲ್ಲ." ಮೇಕೆಯ ಕ್ಷೇಮ ವಿಚಾರಿಸಿದಷ್ಟು ಮಗನದು ವಿಚಾರಿಸಲಿಲ್ಲ.

ನಮ್ಮ ಗುಂಪಿನ ನಾಯಕಿ ಅರವತ್ತು ದಾಟಿದ, ನಿವೃತ್ತ ಗಣಿತದ ಮೇಡಂ. ಜ್ಯೋತಿಷ್ಯದ ಹೆಸರೆತ್ತಿದರೆ ನಗುತ್ತಾರೆ. ಆದರೆ ವಸಂತಕಾಲದ ಹಿಮದ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಾಗಿ ಮುಹೂರ್ತ ಪಾಲಿಸುವ ಪುರೋಹಿತರನ್ನು ನಾನು ನಮ್ಮ ಕಡೆಯ ಮದುವೆಗಳಲ್ಲೂ ಕಂಡಿಲ್ಲ. ಕಾರಣವೂ ಇದೆ. ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿ, ದಿನಾ ಹೀಗೇ ನಡೆದು ಹಿಮವೆಲ್ಲ ದಪ್ಪ ದಪ್ಪ ಹರಳಾಗುತ್ತದೆ. ಸ್ಕೀ ಮಾಡುವವರು ಇದಕ್ಕೆ ಕಾರ್ನ್ ಎನ್ನುತ್ತಾರೆ. ಬೆಳಿಗ್ಗೆ ಬೇಗ ಇಳಿದರೆ ಅದು ಕಲ್ಲು. ಬಿದ್ದರೆ ನಿಲ್ಲುವ ಮಾತೇ ಇಲ್ಲ. ತಡವಾದರೆ ಮೊಣಕಾಲು ಹೂಳುವ ರಾಡಿ, ಮೇಲಿಂದ ಒದ್ದೆ ಹಿಮ ಕುಸಿಯುವ ಭಯ ಬೇರೆ. ನಡುವೆ ಬೆರಳಷ್ಟು ದಪ್ಪಕ್ಕೆ ಮೇಲ್ಪದರ ಮೆದುವಾಗುವ ಒಂದೆರಡು ಗಂಟೆಯೇ ಶುಭ ಲಗ್ನ. ಅದಕ್ಕಾಗಿ ರಾತ್ರಿ ಎರಡಕ್ಕೆ ಏಳಬೇಕು. "ಸ್ವಲ್ಪ ನಿಧಾನಕ್ಕೆ ಹೋದರಾಗದೇ?" ಎಂದು ಕೇಳಿದವನನ್ನು ಮೇಡಂ, ಮಗ್ಗಿ ತಪ್ಪಿದ ಹುಡುಗನನ್ನು ನೋಡುವ ಕಣ್ಣಲ್ಲಿ ನೋಡಿದರು.

ನಾವು ಹಿಡಿದದ್ದು ದಕ್ಷಿಣದ ಈಸ್ಟನ್ ಹಿಮನದಿಯ ದಾರಿ. ಈ ಮಗ್ಗುಲಲ್ಲಿ ಹಿಮದ ಮೇಲೆ ಓಡುವ ಮೋಟಾರು ಬಂಡಿಗಳಿಗೂ ಅನುಮತಿಯಿದೆ. ಬೆಳಕು ಹರಿದ ಮೇಲೆ, ನಾವು ಗಂಟೆಗಟ್ಟಲೆ ಸವೆಸಿದ ದಾರಿಯನ್ನು ಒಬ್ಬ ಐದು ನಿಮಿಷದಲ್ಲಿ ಬರ್ರೆಂದು ಏರಿ ಬಂದು ಕೈಬೀಸಿದ. ನಾವೂ ಬೀಸಿದೆವು. ಮನಸ್ಸಿನಲ್ಲಿ ಏನು ಅಂದುಕೊಂಡೆವೋ ಅದನ್ನು ಬರೆಯುವ ಹಾಗಿಲ್ಲ.

ಹಿಮನದಿ ಶುರುವಾದಲ್ಲಿ ಎಲ್ಲರೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡೆವು. ಕೆಳಗೆಲ್ಲೋ ಬಿರುಕುಗಳಿರುತ್ತವೆ, ಮೇಲೆ ಹಿಮದ ತೆಳು ಸೇತುವೆ ಮುಚ್ಚಿರುತ್ತದೆ. ಒಬ್ಬ ಒಳಗೆ ಹೋದರೆ ಉಳಿದವರು ಹಿಡಿದು ನಿಲ್ಲಿಸಬೇಕು. ಹಗ್ಗ ಸಡಿಲ ಬಿಡಬಾರದು, ಜಗ್ಗಲೂ ಬಾರದು. ಮುಂದಿನವರು ಫೋಟೋ ತೆಗೆಯಲು ನಿಂತರೆ ನಾನೂ ನಿಲ್ಲಬೇಕು. ನನಗೆ ಮೂಗು ಒರೆಸಿಕೊಳ್ಳಬೇಕಾದರೆ ಹಿಂದಿನವರ ಒಪ್ಪಿಗೆ ಬೇಕು. ಒಂದು ಕಡೆ ಬಿರುಕು ಬಾಯಿ ತೆರೆದೇ ಇತ್ತು. ಅಂಚಿನಲ್ಲಿ ಬಿಳಿ, ಒಳಗೆ ಹೋದಂತೆ ತಿಳಿನೀಲಿ, ಇನ್ನೂ ಒಳಗೆ ಕಡುನೀಲಿ; ಆಮೇಲೆ ಏನೂ ಕಾಣದು. ಹಗ್ಗ ಬಿಗಿಯಾಗಿದೆಯೇ ಎಂದು ಎಲ್ಲರೂ ಒಟ್ಟಿಗೇ ತಡವಿ ನೋಡಿಕೊಂಡೆವು.

ಶಿಖರಕ್ಕೆ ಸ್ವಲ್ಪ ಕೆಳಗೆ ಶರ್ಮನ್ ಕುಳಿ. ಅದು ಸಿಗುವ ಮುಂಚೆಯೇ ಒಂದು ನಾತ ಬಂತು. ಎಲ್ಲರೂ ಸಭ್ಯರು, ಯಾರೂ ಬಾಯಿ ಬಿಡಲಿಲ್ಲ. ಆದರೆ ಹಿಂದಿನ ರಾತ್ರಿ ನಾನು ಹುರುಳಿಕಾಳಿನ ಸಾರು ಉಂಡಿದ್ದು ಗೊತ್ತಿದ್ದವರ ಕಣ್ಣೆಲ್ಲ ನನ್ನ ಕಡೆಗಿತ್ತು. ಆಮೇಲೆ ಕುಳಿಯ ಬಾಯಿಂದ ಬುಸುಗುಟ್ಟುವ ಹಬೆ ಕಾಣಿಸಿ, ನಾತ ಗಂಧಕದ್ದೆಂದು ತಿಳಿದು ನನಗೆ ಆರೋಪದಿಂದ ಬಿಡುಗಡೆ ಸಿಕ್ಕಿತು. 1975ರಲ್ಲಿ ಈ ಕುಳಿ ಇದ್ದಕ್ಕಿದ್ದಂತೆ ಜಾಸ್ತಿ ಹೊಗೆಯಾಡತೊಡಗಿದಾಗ, ಕೆಳಗಿನ ಬೇಕರ್ ಜಲಾಶಯದ ನೀರು ಇಳಿಸಿ, ಸುತ್ತಲಿನ ಬಿಡಾರಗಳನ್ನು ಮುಚ್ಚಿಸಿದ್ದರಂತೆ. ಬೆಟ್ಟ ಅಷ್ಟಕ್ಕೇ ಸುಮ್ಮನಾಯಿತು. ಮೇಡಂ ಇದನ್ನು ಕುಳಿಯ ಅಂಚಿನಲ್ಲೇ, ಬಿಸ್ಕತ್ತು ಕಡಿಯುತ್ತಾ ಹೇಳಿದರು.

ಅಲ್ಲಿಂದ ಮುಂದೆ ರೋಮನ್ ವಾಲ್ ಎಂಬ ಕಡಿದಾದ ಏರು. ಅದು ಮುಗಿದರೆ ವಿಶಾಲವಾದ ಬಯಲು, ಅದರ ಆ ತುದಿಯಲ್ಲಿ ಒಂದು ಪುಟ್ಟ ದಿಬ್ಬ. ಅದೇ ಶಿಖರ. ಇಷ್ಟು ಕಷ್ಟಪಟ್ಟವರಿಗೆ ಇನ್ನೂ ಸ್ವಲ್ಪ ಗಂಭೀರವಾದದ್ದೇನಾದರೂ ಇಡಬಹುದಿತ್ತು. ಅಲ್ಲಿ ಕಾದೆವು. ಮೇಡಂ ಐದೈದು ನಿಮಿಷಕ್ಕೊಮ್ಮೆ ಊರುಗೋಲಿನಿಂದ ಹಿಮ ಕುಟ್ಟಿ "ಇನ್ನೂ ಇಲ್ಲ" ಎನ್ನುವರು. ನಾನು ಸ್ಕಿನ್ ಅನ್ನು ಪರ್ರನೆ ಕಿತ್ತು, ಅಂಟು ತಣ್ಣಗಾಗದಿರಲೆಂದು ಮಡಿಚಿ ಜಾಕೀಟಿನೊಳಗೆ ಹೊಟ್ಟೆಗೆ ಅವಚಿಕೊಂಡು ಕೂತೆ. ಮೇಕೆಗೂ ಚಳಿ, ನನಗೂ ಚಳಿ. ಕೊನೆಗೊಮ್ಮೆ ಊರುಗೋಲು ಕುಟ್ಟಿದಾಗ ಟಕ್ ಎನ್ನುವ ಬದಲು ಚರ್ ಎಂದಿತು. "ನಡೀರಿ!"

ಇಳಿದದ್ದರ ಬಗ್ಗೆ ಹೆಚ್ಚು ಹೇಳಲು ನನ್ನಲ್ಲಿ ಸರಕಿಲ್ಲ. ಬೂಟಿನ ಹಿಮ್ಮಡಿ ಸ್ಕೀಯ ಬೈಂಡಿಂಗಿಗೆ ಟಕ್ಕೆಂದು ಕೂತಿತು, ಮೊದಲ ತಿರುವಿನಲ್ಲೇ ಹಿಮ ರೇಷ್ಮೆ ಸೀಳಿದ ಸದ್ದು ಮಾಡಿತು, ಆಮೇಲೆ ಮೊಣಕಾಲು, ವಯಸ್ಸು, ಮನೆಸಾಲ ಒಂದೂ ನೆನಪಿಲ್ಲ. ಮೇಡಂ ಬಿಡಿಸಿದ ವಕ್ರರೇಖೆಗಳು ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸುವಂತಿದ್ದವು. ನನ್ನವು ಒಂದನೇ ತರಗತಿಯ ಸ್ಲೇಟು. ಬಿರುಕುಗಳ ಹತ್ತಿರ ಮಾತ್ರ ಹತ್ತಿದ ಜಾಡನ್ನೇ ಹಿಡಿದು, ಉಸಿರು ಬಿಗಿಹಿಡಿದು ದಾಟಿದೆವು.

ಕಾಡಿನ ಅಂಚಿಗೆ ಬಂದಾಗ ಹಿಮ ಮುಗಿದು ಕೆಸರು ಶುರುವಾಯಿತು. ಸ್ಕೀ ಬೆನ್ನಿಗೇರಿತು, ತುದಿ ಪ್ರತಿಯೊಂದು ಕೊಂಬೆಗೂ ಸಿಕ್ಕಿಕೊಂಡಿತು, ಸೊಳ್ಳೆಗಳು ಎದುರುಗೊಂಡವು. ಚೀಲದ ಹೊರಜೇಬಿನಲ್ಲಿ ಬೆಳಗಿನ ಬಹಿರ್ದೆಸೆಯ ಪೊಟ್ಟಣ. ಹಿಮದ ಮೇಲೆ ಬಿಟ್ಟು ಬರುವಂತಿಲ್ಲ, ಅವರವರದನ್ನು ಅವರವರೇ ಹೊತ್ತು ತರಬೇಕು. ಈ ಸಂಗತಿಯನ್ನು ಅಮ್ಮನಿಗೆ ಇದುವರೆಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಕಾರಿನ ಹತ್ತಿರ ಬೂಟು ಕಿತ್ತೆಸೆದು, ಮೊಸರನ್ನದ ಡಬ್ಬಿ ತೆಗೆದೆ. ಮೇಡಂ ಉಪ್ಪಿನಕಾಯಿಯನ್ನು ಬೆರಳಲ್ಲೇ ನೆಕ್ಕುತ್ತಾ ನಕ್ಷೆ ಹರಡಿದರು.

"ಮುಂದಿನ ವಾರ ಮೌಂಟ್ ಆಡಮ್ಸ್. ಅದು ಇದಕ್ಕಿಂತ ಎತ್ತರ. ರಾತ್ರಿ ಹನ್ನೊಂದಕ್ಕೇ ಎದ್ದುಬಿಡೋಣ."

"ಹನ್ನೊಂದಕ್ಕೆ ಏಳೋದಾದರೆ ಮಲಗೋದು ಯಾವಾಗ ಮೇಡಂ?"

"ಮಲಗೋದು ಯಾಕೆ?" ಎಂದರು.