ರೋಡ್ ಟಚ್

ನಮ್ಮ ಕಡೆಯ ಜಾಗದ ಬ್ರೋಕರುಗಳ ಬಾಯಲ್ಲಿ ಒಂದು ಮಂತ್ರವಿದೆ: ‘ರೋಡ್ ಟಚ್’. ನೀರಿಲ್ಲ ಅಣ್ಣ, ಆದ್ರೆ ರೋಡ್ ಟಚ್. ಪತ್ರ ಸ್ವಲ್ಪ ತಕರಾರು, ಆದ್ರೆ ರೋಡ್ ಟಚ್. ಹಿಂದೆ ಬರೆ, ಮುಂದೆ ಚರಂಡಿ, ನಡುವೆ ಐದು ಸೆಂಟು, ಆದ್ರೇನು, ರೋಡ್ ಟಚ್! ಈ ಎರಡು ಶಬ್ದ ಕಿವಿಗೆ ಬಿದ್ದರೆ ಸಾಕು, ಕೊಳ್ಳುವವನ ಕಣ್ಣು ಅರಳುತ್ತದೆ, ಮಾರುವವನ ಕುತ್ತಿಗೆ ನೆಟ್ಟಗಾಗುತ್ತದೆ.

ಪಾಲಿಬೆಟ್ಟದಲ್ಲಿ ನನ್ನ ಮನೆಯೂ ರೋಡ್ ಟಚ್. ಎಷ್ಟು ಟಚ್ ಎಂದರೆ, ಹೋದ ಮಳೆಗಾಲದಲ್ಲಿ ಟಿಪ್ಪರೊಂದು ಹಾರಿಸಿದ ಕೆಸರುನೀರು ಜಗಲಿ ದಾಟಿ, ಕಿಟಕಿ ದಾಟಿ, ಒಳಗೆ ಗೋಡೆಯ ಮೇಲಿದ್ದ ಇಗ್ಗುತಪ್ಪನ ಫೋಟೋಗೆ ಅಭಿಷೇಕ ಮಾಡಿತು. ಇಗ್ಗುತಪ್ಪ ಮಳೆ ಕೊಡುವ ದೇವರು, ನೀರು ಅವನಿಗೆ ಹೊಸದಲ್ಲ. ಡೀಸೆಲ್ ಬೆರೆತ ತೀರ್ಥ ಮಾತ್ರ ಬಹುಶಃ ಅದೇ ಮೊದಲು.

ಮನೆ ಕಟ್ಟಿಸಿದ್ದು ನನ್ನಪ್ಪ. ಅಪ್ಪ ರೈಟರ್ ಆಗಿದ್ದರು. ಹೊರಗಿನವರು ತಪ್ಪು ತಿಳಿಯಬಾರದು. ಕೊಡಗಿನಲ್ಲಿ ರೈಟರ್ ಎಂದರೆ ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವವನು, ಕಥೆ ಬರೆಯುವವನಲ್ಲ. ನಾನು ಪತ್ರಿಕೆಗೆ ಬರೆಯುವ ರೈಟರ್ ಎಂದರೆ ಊರಿನವರು ಈಗಲೂ ‘ಯಾವ ಎಸ್ಟೇಟ್?’ ಎಂದೇ ಕೇಳುತ್ತಾರೆ. ಇಡೀ ಸರ್ವೀಸನ್ನು ಮಣ್ಣುದಾರಿಯ ಕೊನೆಯ ಕ್ವಾರ್ಟರ್ಸ್‌ನಲ್ಲಿ ಕಳೆದವರಿಗೆ ರಸ್ತೆ ಬದಿಯ ಮನೆ ಎಂದರೆ ವೈಕುಂಠ. ಗೋಣಿಕೊಪ್ಪದ ಬಸ್ಸಿನ ಡ್ರೈವರ್ ಮನೆ ಮುಂದೆ ಒಂದು ಹಾರ್ನ್ ಹೊಡೆದು, ಅಪ್ಪ ಕಾಫಿ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟುವವರೆಗೂ ಕಾಯುತ್ತಿದ್ದ. ದಿನಕ್ಕೆ ನಾಲ್ಕೈದು ಹಾರ್ನ್, ಅಷ್ಟೂ ನಮ್ಮನ್ನು ‘ಬನ್ನಿ’ ಎನ್ನುವ ಹಾರ್ನ್. ಈಗ ಲೆಕ್ಕವಿಟ್ಟವರಿಲ್ಲ, ಮತ್ತು ಎಲ್ಲವೂ ‘ಸರಿ ಆಚೆ’ ಎನ್ನುವ ಹಾರ್ನ್.

ಆಗ ರಸ್ತೆಯಿಂದ ನಮ್ಮ ಜಗಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಈಗ ಎರಡು ಮೆಟ್ಟಿಲು ಇಳಿಯಬೇಕು. ಮನೆ ಕುಸಿದಿಲ್ಲ, ರಸ್ತೆ ಬೆಳೆದಿದೆ. ಹಳೆಯ ಡಾಂಬರು ಕೆರೆದು ಹೊಸದು ಹಾಕುವ ಪದ್ಧತಿ ಬೇರೆ ದೇಶಗಳಲ್ಲಿರಬಹುದು. ನಮ್ಮಲ್ಲಿ ಹಿಂದಿನವರು ಮಾಡಿದ್ದನ್ನು ಅಳಿಸುವಷ್ಟು ಅಗೌರವ ಯಾರೂ ತೋರುವುದಿಲ್ಲ, ಅದರ ಮೇಲೇ ಇನ್ನೊಂದು ಪದರ ಹಾಸುತ್ತಾರೆ. ಚುನಾವಣೆಗೊಂದು ಪದರ. ಪಂಚಾಯ್ತಿಯದು ತೆಳ್ಳಗೆ, ವಿಧಾನಸಭೆಯದು ದಪ್ಪಗೆ. ನನ್ನ ಮನೆಯ ಮುಂದೆ ಸ್ಕೇಲ್ ಹಿಡಿದು ನಿಂತರೆ ಈ ದೇಶದ ಪ್ರಜಾಪ್ರಭುತ್ವವನ್ನು ಇಂಚಿನ ಲೆಕ್ಕದಲ್ಲಿ ಅಳೆಯಬಹುದು. ಇನ್ನೆರಡು ಚುನಾವಣೆ ಕಳೆದರೆ ಲಾರಿಗಳ ಹೆಡ್‌ಲೈಟ್ ಕಿಟಕಿಗಲ್ಲ, ಹೆಂಚಿಗೆ ಬೀಳುತ್ತದೆ. ನಿದ್ದೆಗೆ ಅನುಕೂಲ.

ಈ ನಾಡಿನ ಹಿರಿಯರಿಗೆ ರೋಡ್ ಟಚ್‌ನ ಮಹಿಮೆ ಗೊತ್ತಿರಲಿಲ್ಲ ಪಾಪ. ಕೊಡವರ ಐನ್‌ಮನೆಗಳನ್ನು ನೋಡಿ. ಗದ್ದೆ ಬಯಲಿನ ಅಂಚಿಗೆ, ಮರಗಳ ಮರೆಗೆ, ದಾರಿಹೋಕನ ಕಣ್ಣಿಗೇ ಬೀಳದಂತೆ ಕಟ್ಟಿದರು. ಅಲ್ಲಿಗೆ ಹೋಗಲು ಓಣಿ, ಅದೂ ಇಕ್ಕಟ್ಟು, ಎರಡೂ ಕಡೆ ಮಣ್ಣಿನ ಗೋಡೆ, ನೇರವಾಗಿ ಹೋಗದೆ ಅಂಕುಡೊಂಕು. ಶತ್ರು ಬಂದರೆ ಸಾಲಾಗಿ ಬರಬೇಕು, ಒಬ್ಬೊಬ್ಬನಾಗಿ ಸಿಗಬೇಕು. ಅದೂ ಸಾಲದೆಂದು ನಾಡಿನ ಉದ್ದಗಲಕ್ಕೆ ಕಡಂಗ ತೋಡಿದರು, ಆಳವಾದ ಯುದ್ಧಕಂದಕಗಳು. ಕಡಂಗ ಎಂಬ ಹೆಸರಿನ ಊರೇ ಇದೆ. ಅಂದರೆ ನಮ್ಮ ಪೂರ್ವಿಕರ ಸಿವಿಲ್ ಎಂಜಿನಿಯರಿಂಗ್ ಎಂಬುದೆಲ್ಲ ಹೊರಗಿನವರು ಮನೆ ಬಾಗಿಲಿಗೆ ಬರಬಾರದೆಂಬ ಒಂದೇ ಉದ್ದೇಶಕ್ಕೆ. 1834ರಲ್ಲಿ ಇಂಗ್ಲಿಷರು ರಾಜನನ್ನು ಇಳಿಸಿದರು, 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ಕಾಫಿ ತೋಟ ಹಾಕಿದ. ಕಾಫಿ ಮೂಟೆ ಹೊತ್ತ ಗಾಡಿ ಕಡಂಗ ಹಾರುವುದಿಲ್ಲ, ರಸ್ತೆ ಬೇಕು. ಅಲ್ಲಿಂದ ನಾವು ತಿರುಗಿ ನೋಡಿಲ್ಲ. ಈಗ ತಿರುಗಿ ನೋಡಿದರೆ ಹಿಂದಿನಿಂದ ಟಿಪ್ಪರ್ ಬರುತ್ತಿರುತ್ತದೆ.

ಇಷ್ಟಕ್ಕೂ ಪಾಲಿಬೆಟ್ಟದ ಮುಂದೆ ಯಾವ ರಾಷ್ಟ್ರೀಯ ಹೆದ್ದಾರಿಯೂ ಇಲ್ಲ. ಗೋಣಿಕೊಪ್ಪದಿಂದ ಸಿದ್ದಾಪುರಕ್ಕೆ ಹೋಗುವ, ಎರಡು ಬಸ್ಸು ಎದುರಾದರೆ ಒಂದು ಉಸಿರು ಬಿಗಿಹಿಡಿಯಬೇಕಾದ ರಸ್ತೆ. ಹಾಗಾದರೆ ಈ ಜಾತ್ರೆ ಎಲ್ಲಿಂದ? 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿಯವರು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ಅದೇ ದಿನ ಮೈಸೂರು–ಕುಶಾಲನಗರದ 92 ಕಿ.ಮೀ. ನಾಲ್ಕು ಪಥದ ರಸ್ತೆಗೂ ಶಿಲಾನ್ಯಾಸ ಆಯಿತು. ಬೆಂಗಳೂರಿನಿಂದ ಮೈಸೂರಿಗೆ ಮೂರು ಗಂಟೆಯ ದಾರಿ ಇನ್ನು ಎಪ್ಪತ್ತೈದು ನಿಮಿಷ ಎಂದು ಡಂಗುರ ಹೊಡೆದರು. ಉಳಿದ ಸಮಯವನ್ನು ಬೆಂಗಳೂರಿನವರು ಏನು ಮಾಡುತ್ತಾರೆ ಎಂದು ಆಗ ಯಾರೂ ಕೇಳಲಿಲ್ಲ. ನನಗೆ ಗೊತ್ತು. ಶನಿವಾರ ಬೆಳಿಗ್ಗೆ ಅದನ್ನು ತಂದು ನನ್ನ ಗೇಟಿನ ಮುಂದೆ ಖರ್ಚು ಮಾಡುತ್ತಾರೆ.

ಆ ಎಕ್ಸ್‌ಪ್ರೆಸ್‌ವೇ ಬದಿಯ ಜನರದ್ದು ಇನ್ನೊಂದು ಕಥೆ. ಶತಮಾನಗಳಿಂದ ರಸ್ತೆಗೆ ಮುಖ ಮಾಡಿ ಕುಳಿತಿದ್ದ ಊರುಗಳಿಗೆ ರಸ್ತೆ ಬೆನ್ನು ತೋರಿಸಿತು. ಬಿಡದಿಗೆ ಬೈಪಾಸ್, ಚನ್ನಪಟ್ಟಣಕ್ಕೆ ಬೈಪಾಸ್, ಮದ್ದೂರಿಗೆ, ಮಂಡ್ಯಕ್ಕೆ, ಶ್ರೀರಂಗಪಟ್ಟಣಕ್ಕೆ. ಲಾರಿ ಹೊಗೆಗೆ ಕೆಮ್ಮಿ ಕೆಮ್ಮಿ ರಸ್ತೆಗೆ ಶಾಪ ಹಾಕುತ್ತಿದ್ದವರೇ ರಸ್ತೆ ಹೋದ ಮೇಲೆ ಬೊಂಬೆ ಮಾರಾಟವಿಲ್ಲ, ವಡೆ ಉಳಿಯುತ್ತಿದೆ ಎಂದು ಕಣ್ಣೀರಿಟ್ಟರು. ಇನ್ನು ಹಳ್ಳಿಯವರಿಗೆ ಈ ಕಡೆ ಮನೆ, ಆ ಕಡೆ ಗದ್ದೆ, ನಡುವೆ ತಂತಿಬೇಲಿ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯಪಥದಲ್ಲಿ ಪ್ರವೇಶವೂ ಇಲ್ಲ. ಜಮೀನು ಕೊಟ್ಟವನು ಟ್ರ್ಯಾಕ್ಟರಿನ ಮೇಲೆ ಕುಳಿತು ಬೇಲಿಯ ಈಚೆಯಿಂದ ನೋಡಬಹುದು, ಅದಕ್ಕೆ ಟೋಲ್ ಇಲ್ಲ.

ಕೊಡಗಿನ ನಾವು ಇದನ್ನೆಲ್ಲ ಮೊದಲೇ ಕಂಡವರು. ಹೆದ್ದಾರಿ ಬೇಡ, ರೈಲು ಬೇಡ ಎಂದು ಜಿಲ್ಲೆಯಲ್ಲಿ ಮೆರವಣಿಗೆ ನಡೆದಿದೆ. ರೈಲಂತೂ ಇವತ್ತಿಗೂ ಜಿಲ್ಲೆಯೊಳಗೆ ಬಂದಿಲ್ಲ. ಅಂಥದೊಂದು ಸಭೆಗೆ ನಾನೂ ಹೋಗಿದ್ದೆ. ಭಾಷಣಗಳು ಬಹಳ ಚೆನ್ನಾಗಿದ್ದವಂತೆ. ನನಗೆ ಕಾರು ನಿಲ್ಲಿಸಲು ಜಾಗ ಸಿಕ್ಕುವಷ್ಟರಲ್ಲಿ ವಂದನಾರ್ಪಣೆ ನಡೆಯುತ್ತಿತ್ತು.

ಸದ್ದಿನ ಬಗ್ಗೆ ಕಾನೂನು ಇಲ್ಲವೆಂದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಮಗ ಫೋನಿನಲ್ಲಿ ಅಳೆಯುವ ಆ್ಯಪ್ ಹಾಕಿಕೊಟ್ಟ. ರಾತ್ರಿ ಹನ್ನೊಂದಕ್ಕೆ ಜಗಲಿಯಲ್ಲಿ ನಿಂತು ಹಿಡಿದೆ. ಮರದ ಲಾರಿ ಒಂದು ಹೋಯಿತು, ಮುಳ್ಳು 80 ದಾಟಿತು. ಡೆಸಿಬಲ್ ಲೆಕ್ಕ ನಮ್ಮ ಮಗ್ಗಿಯಂತಲ್ಲ, ಹತ್ತು ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟು. ಹಾಗಾಗಿ ಕಾನೂನು ನನಗೆ ಕೊಟ್ಟ ರಾತ್ರಿಗೂ ಲಾರಿ ಕೊಟ್ಟ ರಾತ್ರಿಗೂ ಮೂರು ಸಾವಿರ ಪಟ್ಟಿಗಿಂತ ಹೆಚ್ಚಿನ ಅಂತರ. ಒಳಗಿನಿಂದ ಹೆಂಡತಿ ಕೂಗಿದಳು: ‘ಏನೂಂದ್ರೆ, ಅದನ್ನ ನಿಮ್ಮ ಗೊರಕೆಗೂ ಒಮ್ಮೆ ಹಿಡೀರಿ.’

ವೇಗ ತಗ್ಗಿದರೆ ಸದ್ದೂ ತಗ್ಗೀತು ಎಂದು ನಾಲ್ಕು ಮನೆಯವರು ಸೇರಿ ಹಂಪ್ ಬೇಕೆಂದು ಅರ್ಜಿ ಕೊಟ್ಟೆವು. ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಕಾಂಗ್ರೆಸ್ ಎಂದೊಡನೆ ಯಾರೂ ಹುರುಪಾಗಬೇಡಿ, ಇದು ಎಂಜಿನಿಯರುಗಳ ಸಂಸ್ಥೆ) ಹಂಪಿಗೆ ಅಳತೆ ಹೇಳಿದೆ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಗಾಡಿ 25 ಕಿ.ಮೀ. ವೇಗದಲ್ಲಿ ಮೆಲ್ಲಗೆ ಹತ್ತಿ ಇಳಿಯಬೇಕು. ನಮಗೆ ಬಂದದ್ದು ಮಲಗಿದ ಎಮ್ಮೆಯ ಅಳತೆ. ಒಂದು ಸಂಜೆ ಜಲ್ಲಿ ಸುರಿದು, ಡಾಂಬರು ಹೊಯ್ದು, ಬಣ್ಣ ಬಳಿಯದೆ ಹೋದರು. ಅಂದಿನಿಂದ ಪ್ರತಿ ಲಾರಿಯೂ ನಮ್ಮ ಮಲಗುವ ಕೋಣೆಯ ನೇರಕ್ಕೆ ಬಂದು ಕಿರ್ರೆಂದು ಬ್ರೇಕ್ ಹಾಕುತ್ತದೆ, ಗೇರ್ ಬದಲಿಸುತ್ತದೆ, ಮುಂದಿನ ಚಕ್ರ ಧಡ್, ಹಿಂದಿನ ಚಕ್ರ ಧಡಾರ್, ಮೇಲಿನ ಸರಪಳಿ ಝಣ್, ಆಮೇಲೆ ಡ್ರೈವರನ ಒಂದು ಮಾತು, ಅದು ನಮ್ಮ ತಾಯಂದಿರನ್ನು ಕುರಿತದ್ದು. ಮೊದಲು ಲಾರಿ ಹಾದುಹೋಗುತ್ತಿತ್ತು, ಈಗ ಬಂದು ಮಾತಾಡಿಸಿ ಹೋಗುತ್ತದೆ. ಹಂಪ್ ತೆಗೆಸಿ ಎಂದು ಎರಡನೇ ಅರ್ಜಿ ಬರೆದಿದ್ದೇವೆ. ಮೊದಲ ಅರ್ಜಿಗೆ ರುಜು ಹಾಕಿದವರೇ ಇದಕ್ಕೂ ಹಾಕಿದ್ದಾರೆ. ಅದಕ್ಕೇ ಕಚೇರಿಯಲ್ಲಿ ಅದನ್ನು ಎರಡೆರಡು ಸಲ ಓದಿದರು.

ವಿಜ್ಞಾನವೂ ನಮ್ಮಂಥವರನ್ನು ಬಿಟ್ಟಿಲ್ಲ. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೆನಡಾದ ಒಂಟಾರಿಯೊದ ಅರವತ್ತಾರು ಲಕ್ಷ ಜನರ ಅಧ್ಯಯನ ಬಂತು. ದೊಡ್ಡ ರಸ್ತೆಗೆ 50 ಮೀಟರಿನೊಳಗೆ ವಾಸಿಸುವವರಿಗೆ, ದೂರದವರಿಗಿಂತ, ಮರೆವಿನ ಕಾಯಿಲೆಯ ಸಂಭವ ಶೇ 7ರಷ್ಟು ಹೆಚ್ಚು ಕಂಡಿತಂತೆ. 50ರಿಂದ 100 ಮೀಟರಿಗೆ ಶೇ 4, 200 ಮೀಟರ್ ದಾಟಿದರೆ ಚಿಂತೆಯಿಲ್ಲ. ನನ್ನ ತಲೆದಿಂಬು ರಸ್ತೆಗೆ ಆರು ಮೀಟರ್. ಅಷ್ಟು ಹತ್ತಿರದವರ ಲೆಕ್ಕವನ್ನು ಅವರು ಬೇರೆ ತೆಗೆದಿಲ್ಲ. ಕೆನಡಾದಲ್ಲಿ ಹಾಗೆ ಮಲಗುವವರು ಸಿಕ್ಕಿರಲಿಕ್ಕಿಲ್ಲ. ನಮ್ಮೂರಲ್ಲಿ ಇನ್ನೊಂದು ಬಗೆಯ ಮರೆವು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ, ಜೋಡುಪಾಲ, ಮೊಣ್ಣಂಗೇರಿ ಎಲ್ಲ ಕುಸಿದು, ಮನೆಗಳು ಬುಡಮೇಲಾಗಿದ್ದವು. ಬೆಟ್ಟ ಕಡಿದು ರಸ್ತೆ, ಬರೆ ಕಡಿದು ಮನೆ, ಇನ್ನು ಸಾಕು ಎಂದು ಆಗ ಎಲ್ಲರೂ ತಲೆಯಾಡಿಸಿದರು. ಮುಂದಿನ ಬೇಸಿಗೆಗೆ ಅದೇ ಜೆಸಿಬಿಗಳು ಬೇರೆ ಬರೆಗಳ ಬುಡದಲ್ಲಿದ್ದವು. ರೋಡ್ ಟಚ್ ಬೇಕಲ್ಲ.

ಇಷ್ಟು ಬೈದ ಮೇಲೆ ಒಂದು ನಿಜ ಹೇಳಬೇಕು. ನಮ್ಮ ಮನೆಯೂ ಹೋಂಸ್ಟೇ. ಹಿಂಬದಿಯ ಎರಡು ಕೋಣೆಗೆ ಬಣ್ಣ ಬಳಿದು, ಅಂಗಳದಲ್ಲಿ ಉಯ್ಯಾಲೆ ಕಟ್ಟಿ, ‘ಕಾಫಿ ತೋಟದ ಮಡಿಲಲ್ಲಿ ಪ್ರಶಾಂತ ವಾಸ್ತವ್ಯ’ ಎಂದು ಬೋರ್ಡು ಹಾಕಿದ್ದೇವೆ. ಬೋರ್ಡು ಕಾಣಬೇಕಾದರೆ ರಸ್ತೆ ಬೇಕು. ರಸ್ತೆ ಇದ್ದರೆ ಪ್ರಶಾಂತ ಎಲ್ಲಿಂದ ಎಂದು ಕೇಳುವಷ್ಟು ತರ್ಕ ಬುಕಿಂಗ್ ಮಾಡುವವರಿಗಿಲ್ಲ, ಪುಣ್ಯಕ್ಕೆ. ಹೋದ ತಿಂಗಳು ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಫ್ಲ್ಯಾಟಿನವರು ಬಂದಿದ್ದರು, ಮೂರು ಕಾರು, ಹನ್ನೊಂದು ಜನ. ರಾತ್ರಿ ಒಂದೂವರೆವರೆಗೆ ಕಾರಿನ ಡಿಕ್ಕಿ ತೆರೆದಿಟ್ಟು ಹಾಡು ಹಾಕಿದರು. ಬೆಳಿಗ್ಗೆ ಹೋಗುವಾಗ ‘ಸೂಪರ್ ಸಾರ್, ಅಕ್ಕಿರೊಟ್ಟಿ ಅದ್ಭುತ’ ಎಂದು ಕೈ ಕುಲುಕಿದರು. ಊರು ತಲುಪಿದ ಮೇಲೆ ಎರಡೇ ಸ್ಟಾರ್ ಕೊಟ್ಟು ಬರೆದರು: ರಸ್ತೆ ಸದ್ದು ವಿಪರೀತ, ನಿದ್ದೆ ಬರಲಿಲ್ಲ.

ರಸ್ತೆಯವರನ್ನು ಬೈಯಲು ನಮ್ಮ ಸೀಮೆಗೆ ವರ್ಷಕ್ಕೊಂದು ಹಬ್ಬವೂ ಇದೆ. ಮೇ ತಿಂಗಳಲ್ಲಿ ತಿತಿಮತಿ ಹತ್ತಿರದ ದೇವರಪುರದಲ್ಲಿ ಕುಂಡೆ ಹಬ್ಬ. ಜೇನುಕುರುಬರು, ಯರವರು ಹೆಣ್ಣುವೇಷ, ಚಿತ್ರವಿಚಿತ್ರ ವೇಷ ಕಟ್ಟಿ, ಡಬ್ಬ ಬಡಿಯುತ್ತ, ಬಾಯಿಗೆ ಬಂದಂತೆ ಬೈಯುತ್ತ ರಸ್ತೆಗಿಳಿದು ಗಾಡಿಗಳನ್ನು ತಡೆದು ಕಾಸು ಕೇಳುತ್ತಾರೆ. ಬೇಟೆಗೆಂದು ಕರೆದೊಯ್ದು ನಡುಕಾಡಿನಲ್ಲಿ ಕೈಬಿಟ್ಟ ದೇವರನ್ನೇ ಬೈಯುವ ಹಬ್ಬ ಅದು, ಕಾರಿನವರು ಯಾವ ಲೆಕ್ಕ. ವರ್ಷವಿಡೀ ತೋಟದ ಜೀಪಿನಲ್ಲಿ ಕುರಿಗಳಂತೆ ನಿಂತು ಹೋಗುವವರಿಗೆ ಆ ಒಂದು ದಿನ ರಸ್ತೆ ಸ್ವಂತದ್ದು. ರೋಡ್ ಟಚ್ ಮನೆಯ ನಾವು ಆ ದಿನವೂ ಗೇಟು ಹಾಕಿಕೊಂಡು ಒಳಗೆ ಕೂರುತ್ತೇವೆ. ಮರ್ಯಾದಸ್ಥರು ನೋಡಿ.

ಮೊನ್ನೆ ಹಲಸು ಹಣ್ಣಾಗುವ ಹೊತ್ತಿಗೆ ಒಂದು ರಾತ್ರಿ ತೋಟದಿಂದ ಒಂಟಿ ಸಲಗ ಇಳಿದು ಬಂತು. ನೇರ ಬಂದು ನಮ್ಮ ಹಂಪಿನ ಮೇಲೆ ನಿಂತಿತು. ಹಂಪಿನ ಅಳತೆ ಯಾರಿಗೆಂದು ಆಗ ತಿಳಿಯಿತು. ಆಚೆ ಕಡೆ ಏಳೆಂಟು ಗಾಡಿ, ಈಚೆ ಕಡೆ ಮರದ ಲಾರಿ. ಒಬ್ಬರಾದ ಮೇಲೊಬ್ಬರು ಲೈಟ್ ಆರಿಸಿದರು, ಎಂಜಿನ್ ಆರಿಸಿದರು. ಹಾರ್ನ್ ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಆನೆ ಕಿವಿ ಬೀಸುವ ಸದ್ದು ಕೋಣೆಯೊಳಗೆ ಕೇಳುತ್ತಿತ್ತು. 2000ನೇ ಇಸವಿಯ ನಿಯಮಗಳು ಪಾಲಿಬೆಟ್ಟದಲ್ಲಿ ಜಾರಿಯಾದದ್ದು ನನಗೆ ತಿಳಿದಂತೆ ಅವತ್ತೇ, ಸುಮಾರು ಇಪ್ಪತ್ತು ನಿಮಿಷ. ಆಮೇಲೆ ಆನೆ ಪಕ್ಕದ ಹಲಸಿನ ಮರಕ್ಕೆ ಹೋಯಿತು, ಹೋಗುವಾಗ ನಮ್ಮ ‘ಪ್ರಶಾಂತ ವಾಸ್ತವ್ಯ’ದ ಬೋರ್ಡನ್ನು ಮುರಿದು ಚರಂಡಿಗೆ ಹಾಕಿತು.

ಬೆಳಿಗ್ಗೆ ಏಳಕ್ಕೆ ಬ್ರೋಕರ್ ಹುಡುಗ ಬೈಕಿನಲ್ಲಿ ಹಾಜರು. ಆನೆ ನಿಂತ ವಿಡಿಯೋ ಅವನ ಫೋನಿಗೆ ನಮಗಿಂತ ಮೊದಲೇ ತಲುಪಿತ್ತು.

‘ಅಣ್ಣ, ಮನೆ ಕೊಡೋ ಯೋಚನೆ ಏನಾದ್ರೂ ಉಂಟಾ? ಬೆಂಗಳೂರಿನ ಪಾರ್ಟಿ ಒಬ್ರು ಕೇಳ್ತಿದ್ದಾರೆ. ರೋಡ್ ಟಚ್ ಇರೋ ಜಾಗ ಬೇಕಾದಷ್ಟು ಉಂಟು, ಆನೆ ಟಚ್ ಇರೋದು ಇದೊಂದೇ.’

ನಾನು ಅವನನ್ನು ಕೆಕ್ಕರಿಸಿ ನೋಡಿದೆ. ಹಂಪಿನ ಮೇಲೆ ಲಾರಿಯೊಂದು ಧಡಾರ್ ಎಂದಿತು. ಅದು ದಾಟುವವರೆಗೂ ಕಾದು, ಹೆಂಡತಿಗೆ ಕೇಳಿಸದಂತೆ ದನಿ ತಗ್ಗಿಸಿ ಕೇಳಿದೆ:

‘ಸೆಂಟಿಗೆ ಎಷ್ಟಂತೆ?’