ಸರ್ವಹಕ್ಕು ಸಾಹೇಬರಿಗೆ ಸನ್ಮಾನ

ವೇದಿಕೆಯ ಮೇಲಿರುವ ಗಣ್ಯರೆ, ನವಲಗುಂದದ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ವಿದ್ಯಾರ್ಥಿಗಳೆ, ಹಿಂದೆ ನಿಂತು ‘ಚಾ ಯಾವಾಗರೀ?’ ಎನ್ನುತ್ತಿರುವ ಹಿರಿಯರೆ,

ಇವತ್ತು ನಾವು ಶಾಲು ಹೊದಿಸಿ ಫಲತಾಂಬೂಲ ಕೊಡುತ್ತಿರುವುದು ಬಿ.ಎ. ಪಠ್ಯಪುಸ್ತಕದ ಎರಡನೆಯ ಪುಟದಲ್ಲಿ, ಬೆಲೆಯ ಮಗ್ಗುಲಲ್ಲಿ, ಸಣ್ಣ ಅಕ್ಷರದಲ್ಲಿ ವಾಸವಾಗಿರುವ ಶ್ರೀ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಅವರಿಗೆ. ನಾವು ಪ್ರೀತಿಯಿಂದ ಸರ್ವಹಕ್ಕು ಸಾಹೇಬರು ಅಂತೀವಿ.

ಸಾಹೇಬರ ಕರ್ತವ್ಯನಿಷ್ಠೆ ನೋಡಿರಿ. ಪಾಠ ಆಯ್ದವರು, ಟಿಪ್ಪಣಿ ಬರೆದವರು, ಕರಡು ತಿದ್ದಿದವರು ಬಹುಪಾಲು ಸರಕಾರದ ಪಗಾರದವರು. ಅಚ್ಚಿನ ಖರ್ಚು ವಿಶ್ವವಿದ್ಯಾಲಯದ್ದು. ಮೊರಬದ ರೈತ ಎಣ್ಣೆ, ಸಾಬೂನಿಗೆ ಕೊಟ್ಟ ತೆರಿಗೆಯೂ ಅದರೊಳಗೆ ಸೇರಿದೆ. ಹೀಗೆ ಊರವರ ರೊಕ್ಕದಲ್ಲಿ ಹುಟ್ಟಿದ ಪುಸ್ತಕ ಊರವರ ಕೈಗೇ ಸಿಗದಂತೆ ಕಾಯುವುದು ಸಾಮಾನ್ಯರ ಕೆಲಸವೇನು?

ಸೆಮಿಸ್ಟರ್ ಅರ್ಧ ಮುಗಿದರೂ ಪುಸ್ತಕ ಅಂಗಡಿಗೆ ಬರುವುದಿಲ್ಲ. ಬಂದ ವಾರಕ್ಕೇ ಖಾಲಿ. ಹುಡುಗಿಯರಿಗೆ 2023ರಿಂದ ಬಸ್ಸು ಪುಕ್ಕಟೆ, ಧಾರವಾಡಕ್ಕೆ ಹೋಗಿ ಹುಡುಕಬಹುದು, ಅಲ್ಲಿಯೂ ‘ಮುಗದಾವ್ರಿ’. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದು ಪಠ್ಯ ಬದಲಾಯಿತು. 2024ರಲ್ಲಿ ಅದು ಹೋಗಿ ಪಠ್ಯ ಮತ್ತೆ ಬದಲಾಯಿತು. ನಡುವಿನ ಪುಸ್ತಕಗಳು ರದ್ದಿಯವನ ತಕ್ಕಡಿ ಏರಿದವು. ಸಾಹೇಬರು ಮಾತ್ರ ಕದಲಲಿಲ್ಲ. ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ ಇನ್ನೂ 60 ವರ್ಷ ಸಾಹೇಬರ ಡ್ಯೂಟಿ ನಡೆದೇ ಇರುತ್ತದೆ.

ಇನ್ನು ಮುಖ್ಯ ಅತಿಥಿಗಳ ಪರಿಚಯ. ಕಾಲೇಜಿನ ಎದುರಿನ ಝೆರಾಕ್ಸ್ ಮಷೀನು. ಇಡೀ ತಾಲೂಕಿಗೆ ಪಠ್ಯ ಪೂರೈಸುವವರು ಇವರೇ, ಆದರೂ ಸಂಭಾವನೆ ಪುಟದ ಲೆಕ್ಕದಲ್ಲಿ. ಮೊದಲ ವರ್ಷ ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಿ ಒತ್ತಿದಾಗ ಹೊಲಿಗೆಯ ಬದಿಯ ಎರಡೆರಡು ಅಕ್ಷರ ಕಪ್ಪು ನೆರಳಿನಲ್ಲಿ ಮುಳುಗುತ್ತವೆ. ಮರುವರ್ಷ ಆ ಪ್ರತಿಯ ಪ್ರತಿ. ಆಗ ಒತ್ತಕ್ಷರಗಳ ಸರದಿ. ಮೂರನೆಯ ವರ್ಷ ಸ್ಪೈರಲ್ ಬೈಂಡಿಂಗ್ ಹಿಡಿದ ಹುಡುಗಿಗೆ ಪಂಪ ಹುಟ್ಟಿದ್ದು ‘ಅಣಿಗೇರಿ’ಯಲ್ಲಿ. ಪರೀಕ್ಷೆಯಲ್ಲೂ ಹಾಗೇ ಬರೆಯುತ್ತಾಳೆ, ಬರೆದು ಅಣ್ಣಿಗೇರಿಯ ಬಸ್ಸಿಗೇ ಹತ್ತಿ ಮನೆಗೆ ಹೋಗುತ್ತಾಳೆ. ಎಷ್ಟು ಝೆರಾಕ್ಸ್ ಆದರೂ ಎರಡನೆಯ ಪುಟದಲ್ಲಿ ಸಾಹೇಬರು ಮಾತ್ರ ಸ್ಪಷ್ಟವಾಗಿ ಮೂಡಿರುತ್ತಾರೆ!

ಅತಿಥಿಗಳನ್ನು ಕಳ್ಳರೆನ್ನಬೇಡಿ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೂವರೂ ಸೇರಿ ದಿಲ್ಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಝೆರಾಕ್ಸ್ ಅಂಗಡಿಯ ಮೇಲೆ ದಾವೆ ಹೂಡಿದರು. ಪಾಠಕ್ಕಾಗಿ ಪ್ರತಿ ಮಾಡಿಕೊಡಲು ಕಾಯ್ದೆಯೇ ಅವಕಾಶ ಕೊಟ್ಟಿದೆ ಎಂದು 2016ರಲ್ಲಿ ದಿಲ್ಲಿ ಹೈಕೋರ್ಟು ಹೇಳಿತು. 2017ರಲ್ಲಿ ಪ್ರಕಾಶಕರು ದಾವೆ ಹಿಂತೆಗೆದುಕೊಂಡರು. ಆದರೆ ನಮ್ಮ ಮಾಸ್ತರರೊಬ್ಬರು ‘ಅಣಿಗೇರಿ’ಯನ್ನು ತಿದ್ದಿ, ಕುಂದಗೋಳದ ಉದಾಹರಣೆ ಎರಡು ಸೇರಿಸಿ, ಹೊಸದಾಗಿ ಟೈಪು ಮಾಡಿಸಿ ಕಲಘಟಗಿಯ ಕಾಲೇಜಿಗೂ ಕಳಿಸುತ್ತೇನೆಂದರೆ ಸಾಹೇಬರು ಎದ್ದು ಅಡ್ಡ ನಿಲ್ಲುತ್ತಾರೆ. ತಪ್ಪು ಹಂಚಿದರೆ ನಡೆದೀತು, ತಿದ್ದಿ ಹಂಚಿದರೆ ಅಪರಾಧ.

ಸಾಹೇಬರು ಹತ್ತನೆಯ ಶತಮಾನದಲ್ಲಿ ಹುಟ್ಟದಿದ್ದುದು ಅವರ ಪುಣ್ಯ. ಗದಗ ದಾಟಿದರೆ ಲಕ್ಕುಂಡಿ. ಅಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಪೊನ್ನನ ಅನುಮತಿ ಪತ್ರವೆಲ್ಲಿ, ಸಿಂಡಿಕೇಟ್ ಠರಾವು ಎಲ್ಲಿ ಎಂದು ಕೇಳುವುದು ಬಿಟ್ಟು ಆ ಕಾಲದ ಜನ ಅವಳನ್ನು ದಾನಚಿಂತಾಮಣಿ ಎಂದು ಕರೆದುಬಿಟ್ಟರು.

ಮೈಸೂರಿನಲ್ಲಂತೂ ಸಾಹೇಬರ ಮನೆತನಕ್ಕೇ ಅವಮಾನವಾಗಿದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಷರತ್ತು ಎರಡೇ: ಮೂಲದ ಹೆಸರು ಹೇಳಬೇಕು, ತಿದ್ದಿ ಬೆಳೆಸಿದ್ದನ್ನೂ ಇದೇ ರೀತಿ ಬಿಟ್ಟುಕೊಡಬೇಕು. ಈಗ ಆ ಬರಹಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ಓದಬಹುದು, ಒತ್ತಕ್ಷರ ಸಮೇತ. ಇದಕ್ಕೆ ವಿಶ್ವವಿದ್ಯಾಲಯದವರು ಮಾಡಬೇಕಾದ್ದು ಬಹಳೇನಿರಲಿಲ್ಲ. ಎರಡನೆಯ ಪುಟದ ಒಂದು ಸಾಲು ತೆಗೆದು ಇನ್ನೊಂದು ಸಾಲು ಹಾಕಬೇಕಿತ್ತು, ಹಾಕಿದರು.

ಒಂದು ಮಾತು ಗಂಭೀರವಾಗಿ. ನಿದ್ದೆಗೆಟ್ಟು ಬರೆದ ಕವಿ, ಸಾಲ ಮಾಡಿ ಅಚ್ಚು ಹಾಕಿಸಿದ ಸಣ್ಣ ಪ್ರಕಾಶಕ ತಮ್ಮ ಬಾಗಿಲಿಗೆ ಸಾಹೇಬರನ್ನು ನಿಲ್ಲಿಸಿಕೊಂಡರೆ ನನ್ನ ತಕರಾರಿಲ್ಲ. ಅಂಥವರ ಪದ್ಯ ಪಠ್ಯಕ್ಕೆ ಬೇಕಾದರೆ ಅನುಮತಿ ಕೇಳೋಣ, ಸಂಭಾವನೆ ಕೊಡೋಣ. ಆದರೆ ಪಗಾರದ ಮೇಲೆ ಬರೆದ ಪೀಠಿಕೆ, ‘ಸಂದರ್ಭ ಸಹಿತ ವಿವರಿಸಿ’ ಎನ್ನುವ ಪ್ರಶ್ನೆ, ತೀರಿಕೊಂಡು ಸಾವಿರ ವರ್ಷ ದಾಟಿದ ಪಂಪನ ಪದ್ಯ, ಇವಕ್ಕೂ ಕಾವಲೇ?

ಮುಖ್ಯ ಅತಿಥಿಗಳಿಗೆ ಕರೆಂಟು ಹೋಗುವುದರೊಳಗೆ ಮರಳಿ ಕೆಲಸಕ್ಕೆ ಹೋಗಬೇಕಾಗಿದೆ. ಈಗ ಸನ್ಮಾನ ಪತ್ರ ಅರ್ಪಿಸುತ್ತೇನೆ. ಒಕ್ಕಣೆ ಚಂದ ಇದೆ ಅಂತ ಹಲವರು ಹೇಳಿದಿರಿ. ನಿಜ ಹೇಳಬೇಕಂದರೆ ಇದು ಹೋದ ವರ್ಷ ನಿವೃತ್ತರಾದ ಪ್ರಾಚಾರ್ಯರ ಸನ್ಮಾನ ಪತ್ರ; ಹೆಸರಷ್ಟೇ ಬದಲಿಸಿದ್ದೇವೆ. ಪ್ರಾಚಾರ್ಯರದು ಅದಕ್ಕೂ ಹಿಂದಿನ ತಹಶೀಲ್ದಾರರ ಬೀಳ್ಕೊಡುಗೆಯಿಂದ ಇಳಿಸಿಕೊಂಡದ್ದಂತೆ. ‘ದಕ್ಷ ಆಡಳಿತಗಾರರು, ರೈತರ ಕಣ್ಮಣಿ’ ಅನ್ನುವ ಸಾಲು ಅಲ್ಲಿಂದ ಬಂದದ್ದು. ಸಾಹೇಬರು ಹೊಂದಿಸಿಕೊಳ್ಳಬೇಕು.